ಒಂದೇ ಶೆಡ್ಡಿನ ಎರಡು ಕಾರುಗಳು: ಪುಣೆಯ ಒಂದು ಮನೆಯ ಪ್ರಕರಣ

ಧಾರವಾಡದಿಂದ ಬಂದು ಪುಣೆಯ ಸಹಕಾರ ನಗರದಲ್ಲಿ ಅರ್ಧ ಶತಮಾನದಿಂದ ನೆಲೆಸಿರುವ ಕನ್ನಡ ಕುಟುಂಬವೊಂದರ ಮನೆಯ ಶೆಡ್ಡಿನಲ್ಲಿ ಎರಡು ಕಾರುಗಳು ಅಕ್ಕಪಕ್ಕ ನಿಲ್ಲುತ್ತವೆ. ಮೊದಲನೆಯದು 1971ರಲ್ಲಿ ಮುಂಬೈಯ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಿಂದ ಹೊರಬಂದ ಫಿಯಟ್ 1100 ಡಿಲೈಟ್. ಇದೇ ಮಾದರಿ ಕೆಲವು ವರ್ಷಗಳ ನಂತರ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಲ್ಲಿ ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದೇಶಕ್ಕೆಲ್ಲ ಪರಿಚಿತವಾಯಿತು. ಎರಡನೆಯದು 2019ರಲ್ಲಿ ಕೊಂಡ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹಳೆಯ ಕಾರು ತಂದೆಯವರದು, ಹೊಸದು ಮಗನದು. ಈ ಎರಡು ಕಾರುಗಳಲ್ಲಿ ಯಾವುದನ್ನು ನಂಬಿ ದೂರದ ಪ್ರಯಾಣಕ್ಕೆ ಹೊರಡಬಹುದು ಎಂಬ ಪ್ರಶ್ನೆ ಆ ಮನೆಯಲ್ಲಿ ಎದ್ದಾಗ, ಪಿಂಪ್ರಿ-ಚಿಂಚವಾಡದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ದುಡಿದು ನಿವೃತ್ತನಾದ ನನ್ನನ್ನು ಕರೆದು ಕೇಳಿದರು. ನಾನು ಆ ಮನೆಗೆ ನೆರೆಯವನು. ಹಿರಿಯರನ್ನು ಮೊದಲಿನಿಂದಲೂ ಕಾಕಾ ಎಂದೇ ಕರೆಯುತ್ತೇನೆ. ಒಂದು ಸಂಜೆಯ ಚಹಾದೊಂದಿಗೆ ಮುಗಿಯಬಹುದೆಂದುಕೊಂಡಿದ್ದ ಆ ಪ್ರಶ್ನೆ ಹದಿನೆಂಟು ತಿಂಗಳ ಅಭ್ಯಾಸವಾಗಿ ಬೆಳೆಯಿತು. ಅದರ ವಿವರವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಪ್ರತಿ ವರ್ಷ ಗಣೇಶ ಚೌತಿಗೆ ಈ ಕುಟುಂಬ ಧಾರವಾಡಕ್ಕೆ ಹೋಗುತ್ತದೆ. ಖಂಬಾಟಕಿ ಘಾಟ್ ದಾಟಿ, ಸಾತಾರಾ, ಕೊಲ್ಹಾಪುರ, ಬೆಳಗಾವಿಗಳ ಮೇಲೆ ಸಾಗುವ ಆ ದಾರಿ ನಾನೂರು ಕಿಲೋಮೀಟರಿಗೂ ಹೆಚ್ಚು. 2023ರಲ್ಲಿ, ಎಪ್ಪತ್ತೊಂಬತ್ತರ ಹರೆಯದ ಕಾಕಾ ಈ ಸಲ ಫಿಯಟ್‌ನಲ್ಲಿಯೇ ಹೋಗೋಣವೆಂದು ಹಟ ಹಿಡಿದರು. ಮಗ ಒಪ್ಪಲಿಲ್ಲ. ನನ್ನ ಎದುರಿಗೇ ನಡೆದ ಮಾತು ಹೀಗಿತ್ತು:

"ಐವತ್ತು ವರ್ಷದಾಗ ಒಮ್ಮೆನೂ ಈ ಗಾಡಿ ನನ್ನ ದಾರ್ಯಾಗ ಕೈ ಬಿಟ್ಟಿಲ್ಲ. ನಿಮ್ಮ ಗಾಡ್ಯಾಗ ಒಂದು ಲೈಟ್ ಹತ್ತಿದ್ರ ಕಂಪನಿಗೆ ಫೋನ್ ಮಾಡ್ಕೋತ ಕೂಡ್ತೀರಿ" ಎಂದರು ಕಾಕಾ.

"ಅಪ್ಪಾ, ಅದು ತಾನಾಗೇ ನಡೀತದ ಅಂತ ತಿಳ್ಕೊಂಡೀರಿ. ನೀವು ಅದನ್ನ ನಡಸ್ತೀರಿ" ಎಂದ ಮಗ.

ಆಗ ಅದು ಬರಿಯ ವಾದದ ಮಾತಿನಂತೆ ಕೇಳಿಸಿತು. ಹದಿನೆಂಟು ತಿಂಗಳ ನಂತರ ನನ್ನ ಟಿಪ್ಪಣಿಗಳನ್ನೆಲ್ಲ ಹರಡಿಕೊಂಡು ಕುಳಿತಾಗ, ಇಡೀ ಪ್ರಕರಣದ ತಿರುಳನ್ನು ಮಗ ಮೊದಲ ದಿನವೇ ಹೇಳಿದ್ದನೆಂದು ಅರಿವಾಯಿತು.

ಕಾಕಾನ ನೋಟುಬುಕ್ಕುಗಳು

ಕಾಕಾ ಹೇಳಿದ್ದು ಸುಳ್ಳಲ್ಲ. ಅದಕ್ಕೆ ಅವರ ಬಳಿ ಲಿಖಿತ ಆಧಾರವೇ ಇತ್ತು. ಕಾರು ಕೊಂಡ ದಿನದಿಂದ ಅವರು ಉದ್ದ ರಟ್ಟಿನ ನೋಟುಬುಕ್ಕುಗಳಲ್ಲಿ ಅದರ ಪ್ರತಿಯೊಂದು ಕೆಲಸವನ್ನೂ ಬರೆದಿಟ್ಟಿದ್ದರು. ದಿನಾಂಕ, ಮೀಟರಿನ ಅಂಕಿ, ಮಾಡಿದ ಕೆಲಸ, ಕೊಟ್ಟ ಹಣ, ಕೆಲವು ಕಡೆ ಕಾರಣ. ಮೀಟರಿನಲ್ಲಿ ಐದೇ ಅಂಕಿಗಳಿರುವುದರಿಂದ 99,999 ಆದ ಮೇಲೆ ಅದು ಸೊನ್ನೆಗೆ ಮರಳಿದ ದಿನಗಳನ್ನೂ ಕೆಂಪು ಶಾಯಿಯಲ್ಲಿ ಗುರುತಿಸಿದ್ದರು. ಒಂದು ವಾಹನದ ಇಷ್ಟು ದೀರ್ಘವಾದ, ಇಷ್ಟು ಪ್ರಾಮಾಣಿಕವಾದ ಚರಿತ್ರೆಯನ್ನು ನನ್ನ ವೃತ್ತಿಜೀವನದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ನಾಲ್ಕು ರಾತ್ರಿ ಕುಳಿತು ಓದಿದೆ.

ಆ ಬರಹ ಹೇಳುವ ಕಥೆ ಕಾಕಾನ ನೆನಪಿಗಿಂತ ಬೇರೆಯಾಗಿತ್ತು. ಕಾರು ದಾರಿಯಲ್ಲಿ ಕೈ ಬಿಟ್ಟ ಉಲ್ಲೇಖಗಳು ನಿಜಕ್ಕೂ ವಿರಳ. ಆದರೆ ಅದಕ್ಕೆ ಕಾರಣವೂ ಅದೇ ಪುಟಗಳಲ್ಲಿತ್ತು. ಪ್ರತಿ ಭಾನುವಾರ ರೇಡಿಯೇಟರಿನ ನೀರು, ಬ್ಯಾಟರಿಯ ನೀರು, ಎಂಜಿನ್ ಆಯಿಲ್, ಬ್ರೇಕ್ ಆಯಿಲ್ ನೋಡಿದ ಗುರುತು. ತಿಂಗಳಿಗೊಮ್ಮೆ ಮುಂದಿನ ಚಕ್ರಗಳ ಜೋಡಣೆಗಳಿಗೆ ಗ್ರೀಸ್. ಕೆಲವು ಸಾವಿರ ಕಿಲೋಮೀಟರಿಗೊಮ್ಮೆ, ಎಂಜಿನ್ನಿನ ಕಿಡಿಗಾಗಿ ತೆರೆದು ಮುಚ್ಚುವ ಪಾಯಿಂಟ್ ಉಜ್ಜಿ ಗ್ಯಾಪ್ ಸರಿಪಡಿಸಿದ್ದು, ಟ್ಯಾಪೆಟ್ ಸೆಟ್ ಮಾಡಿಸಿದ್ದು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿ ತೊಳೆದದ್ದು. ಎರಡು ವರ್ಷಕ್ಕೊಮ್ಮೆ ತಪ್ಪದೆ ನಾಲ್ಕೂ ಚಕ್ರಗಳ ಬ್ರೇಕ್ ಸಿಲಿಂಡರುಗಳ ರಬ್ಬರ್ ಬದಲಿಸಿದ್ದು. ಎಂಜಿನ್ ಎರಡು ಬಾರಿ ಬೋರ್ ಆಗಿತ್ತು, ಅಂದರೆ ಸವೆದ ಸಿಲಿಂಡರುಗಳನ್ನು ಕೊರೆದು ಸರಿಪಡಿಸಿದ್ದಾಗಿತ್ತು. ಧಾರವಾಡಕ್ಕೆ ಹೊರಡುವ ಮುನ್ನ ಪ್ರತಿ ವರ್ಷವೂ ಪುಣೆಯ ನಾನಾ ಪೇಟೆ ಎಂಬ ಭಾಗದ ಒಬ್ಬ ಮಿಸ್ತ್ರಿಯ ಬಳಿ ಎರಡು ದಿನ ಕಾರು ನಿಲ್ಲುತ್ತಿತ್ತು. ಆ ಮಿಸ್ತ್ರಿ ಸೊಲ್ಲಾಪುರದ ಕಡೆಯವರು, ಕನ್ನಡ ಬಲ್ಲವರು, ಕಾಕಾನಿಗಿಂತ ಹತ್ತು ವರ್ಷ ಚಿಕ್ಕವರು. ನೋಟುಬುಕ್ಕಿನಲ್ಲಿ ಕಾರಿನ ನಂತರ ಹೆಚ್ಚು ಬಾರಿ ಬರುವ ಹೆಸರು ಅವರದೇ.

ನಮ್ಮ ವೃತ್ತಿಯಲ್ಲಿ ವಿಶ್ವಾಸಾರ್ಹತೆಯನ್ನು ಅಳೆಯುವಾಗ ಮೊದಲು ಕೇಳುವ ಪ್ರಶ್ನೆ, ಯಾವ ಪರಿಸ್ಥಿತಿಯಲ್ಲಿ, ಎಷ್ಟು ಆರೈಕೆಯೊಂದಿಗೆ ಎಂಬುದು. ಆರೈಕೆಯ ಲೆಕ್ಕವನ್ನು ಬಿಟ್ಟು ಕೇವಲ ದಾರಿಯಲ್ಲಿ ನಿಂತ ಸಲಗಳನ್ನು ಎಣಿಸಿದರೆ ಫಿಯಟ್ ಅಪ್ರತಿಮ ಕಾರು. ಆರೈಕೆಯನ್ನು ಕೂಡಿಸಿದರೆ ಚಿತ್ರ ಪೂರ್ತಿ ಬದಲಾಗುತ್ತದೆ.

ಇದರೊಂದಿಗೆ ಇನ್ನೊಂದು ಎಚ್ಚರಿಕೆಯೂ ಬೇಕು. ಇಂದು ನಮ್ಮ ಕಣ್ಣಿಗೆ ಬೀಳುವ ಹಳೆಯ ಕಾರುಗಳೆಲ್ಲ ಬದುಕುಳಿದವು. ಅವುಗಳ ಜೊತೆಗೇ ಹುಟ್ಟಿ, ಆರೈಕೆಯಿಲ್ಲದೆ ತುಕ್ಕು ಹಿಡಿದು ಗುಜರಿ ಸೇರಿದವು ನಮ್ಮ ಎಣಿಕೆಗೆ ಸಿಗುವುದಿಲ್ಲ. ಕಾಕಾ ತಮ್ಮ ಪರವಾಗಿ ಮುಂಬೈಯ ಟ್ಯಾಕ್ಸಿಗಳನ್ನು ಉದಾಹರಿಸಿದರು. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗಳಿಗಿದ್ದ ಇಪ್ಪತ್ತು ವರ್ಷಗಳ ವಯೋಮಿತಿ ಮುಗಿದು, 2023ರ ಅಕ್ಟೋಬರ್ 30ರಿಂದ ಅವು ಮುಂಬೈಯ ಟ್ಯಾಕ್ಸಿ ಸೇವೆಯಿಂದ ಮರೆಯಾದವು. ಹಗಲಿರುಳು ದುಡಿದ ಗಾಡಿಗಳು ಅವು ಎಂಬುದು ನಿಜ. ಆದರೆ ಅವುಗಳ ಹಿಂದೆ ಸ್ಟ್ಯಾಂಡಿನಲ್ಲಿಯೇ ಬಾನೆಟ್ ಎತ್ತಿ ಕೆಲಸ ಮಾಡುವ ಚಾಲಕರೂ, ಕುರ್ಲಾದಿಂದ ಗ್ರ್ಯಾಂಟ್ ರೋಡ್‌ವರೆಗೆ ಗಲ್ಲಿಗೊಬ್ಬರಂತೆ ಸಿಗುವ ಮಿಸ್ತ್ರಿಗಳೂ, ಹಳೆಯ ಗಾಡಿಯಿಂದ ಬಿಚ್ಚಿದ ಭಾಗ ಹೊಸ ಗಾಡಿಗೆ ಕೂರುವಷ್ಟು ಬದಲಾಗದ ವಿನ್ಯಾಸವೂ ಇದ್ದವು.

ಹದಿನೆಂಟು ತಿಂಗಳ ಲೆಕ್ಕ

2023ರ ಚೌತಿಗೆ ಹೊಸ ಕಾರೇ ಧಾರವಾಡಕ್ಕೆ ಹೋಯಿತು. ಕಾಕಾ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಮುಂದಿನ ತೀರ್ಮಾನ ಬಾಯಿಮಾತಿನಿಂದ ಆಗಬಾರದು, ಲೆಕ್ಕದಿಂದ ಆಗಬೇಕು. ಆ ಸೆಪ್ಟೆಂಬರ್‌ನಿಂದ 2025ರ ಫೆಬ್ರವರಿಯವರೆಗೆ ಎರಡೂ ಕಾರುಗಳ ಲೆಕ್ಕ ಇಟ್ಟೆ. ಹೊರಟ ಪ್ರಯಾಣ ಆರಂಭವಾಗದೆ ಹೋದರೆ ಅಥವಾ ಮಧ್ಯದಲ್ಲಿ ನಿಂತರೆ ಅದನ್ನು ಒಂದು ನಿಲುಗಡೆ ಎಂದು ಎಣಿಸುವುದೆಂದು ಮೊದಲೇ ನಿಶ್ಚಯಿಸಿಕೊಂಡೆವು. ಆ ಸಣ್ಣ ನಿಶ್ಚಯವಿಲ್ಲದಿದ್ದರೆ ಲೆಕ್ಕ ಜಗಳವಾಗುತ್ತಿತ್ತು. ಏಕೆಂದರೆ ರಸ್ತೆ ಬದಿಗೆ ನಿಲ್ಲಿಸಿ ಹತ್ತು ನಿಮಿಷ ಪಾಯಿಂಟ್ ಉಜ್ಜಿ ಮುಂದುವರಿಯುವುದು ಕಾಕಾನ ದೃಷ್ಟಿಯಲ್ಲಿ ಕೆಡುವುದೇ ಅಲ್ಲ.

ಈ ಅವಧಿಯಲ್ಲಿ ಹ್ಯಾಚ್‌ಬ್ಯಾಕ್ ಸುಮಾರು 17,000 ಕಿಲೋಮೀಟರ್ ಓಡಿತು, ಎರಡು ಬಾರಿ ನಿಂತಿತು. ಫಿಯಟ್ ಸುಮಾರು 2,600 ಕಿಲೋಮೀಟರ್ ಓಡಿತು, ಹನ್ನೊಂದು ಬಾರಿ ನಿಂತಿತು. ಎರಡು ನಿಲುಗಡೆಗಳ ನಡುವಿನ ಸರಾಸರಿ ಅಂತರ ಹೊಸ ಕಾರಿಗೆ 8,500 ಕಿಲೋಮೀಟರ್, ಹಳೆಯದಕ್ಕೆ 236. ಒಂದೊಂದೇ ಕಾರಿನ ಲೆಕ್ಕದಿಂದ ಎಲ್ಲ ಕಾರುಗಳ ಬಗ್ಗೆ ತೀರ್ಪು ಕೊಡಲಾಗದು. ಆದರೂ ಇಷ್ಟು ದೊಡ್ಡ ಅಂತರವನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ.

ಹನ್ನೊಂದರ ವಿವರ ಹೀಗಿದೆ. ಪಾಯಿಂಟ್ ಸುಟ್ಟು ಮೂರು ಸಲ, ಪಾಯಿಂಟಿನ ಕಿಡಿ ತಗ್ಗಿಸುವ ಕಂಡೆನ್ಸರ್ ಹೋಗಿ ಒಂದು ಸಲ, ಕಾರ್ಬುರೇಟರಿನಲ್ಲಿ ಕಸ ಸಿಕ್ಕಿ ಎರಡು ಸಲ, ಫ್ಯಾನ್ ಬೆಲ್ಟ್ ಹರಿದು ಒಂದು ಸಲ, ಏಪ್ರಿಲ್ ಬಿಸಿಲಿನಲ್ಲಿ ಸ್ವಾರಗೇಟ್ ಚೌಕದ ದಟ್ಟಣೆಯಲ್ಲಿ, ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿ ಒಂದು ಸಲ, ಆ ಪಂಪಿನ ಡಯಾಫ್ರಮ್ ಎಂಬ ರಬ್ಬರ್ ಪರದೆ ಹರಿದು ಒಂದು ಸಲ. ಉಳಿದ ಎರಡನ್ನು ಮುಂದೆ ಪ್ರತ್ಯೇಕವಾಗಿ ಹೇಳುತ್ತೇನೆ. ಹನ್ನೊಂದರಲ್ಲಿ ಒಂಬತ್ತು ಸಲ ಕಾರು ಒಂದು ಗಂಟೆಯೊಳಗೆ, ನಿಂತ ಜಾಗದಲ್ಲೇ, ಡಿಕ್ಕಿಯಲ್ಲಿದ್ದ ಸಾಮಾನಿನಿಂದಲೇ ಸರಿಯಾಯಿತು. ಸ್ವಾರಗೇಟ್‌ನಲ್ಲಿ ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಸುತ್ತಿ ಕಾಲು ಗಂಟೆ ಕಾದದ್ದೇ ಚಿಕಿತ್ಸೆ.

ಪಾಯಿಂಟ್ ಏಕೆ ಇಷ್ಟು ಬೇಗ ಸವೆಯುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ಆ ಕಾಲದ ಯಂತ್ರದ ಬಗ್ಗೆ ಗೌರವವೇ ಮೂಡುತ್ತದೆ. ನಾಲ್ಕು ಸಿಲಿಂಡರಿನ ಈ 1089 ಸಿಸಿ ಎಂಜಿನ್ ಒಂದು ಸುತ್ತು ತಿರುಗುವುದರಲ್ಲಿ ಎರಡು ಕಿಡಿ ಹಾರಬೇಕು. ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿ, ಮಿಸ್ತ್ರಿಗಳು ಡೆಲ್ಕೊ ಎಂದು ಕರೆಯುವ ಡಿಸ್ಟ್ರಿಬ್ಯೂಟರಿನೊಳಗಿನ ಆ ಪುಟ್ಟ ಲೋಹದ ತುಟಿಗಳು ನಿಮಿಷಕ್ಕೆ 6,000 ಸಲ, ಗಂಟೆಗೆ 3,60,000 ಸಲ ತೆರೆದು ಮುಚ್ಚಬೇಕು; ಪ್ರತಿ ಸಲವೂ ಅಲ್ಲಿ ಸಣ್ಣದಾಗಿ ಕಿಡಿಯೇಳುತ್ತದೆ. ಹೊಸ ಕಾರಿನಲ್ಲಿ ಅದೇ ಕೆಲಸವನ್ನು ಯಾವುದೂ ಯಾವುದಕ್ಕೂ ತಾಗದೆ ಒಂದು ಸೆನ್ಸರ್ ಮತ್ತು ಒಂದು ಟ್ರಾನ್ಸಿಸ್ಟರ್ ಮಾಡುತ್ತವೆ. ಸವೆಯುವ ಭಾಗವೇ ಇಲ್ಲದ ಮೇಲೆ ಸವೆತದ ಪ್ರಶ್ನೆ ಎಲ್ಲಿಂದ?

ಹೊಸ ಕಾರಿನಲ್ಲಿ ಭಾಗಗಳು ಹೆಚ್ಚು, ಆದ್ದರಿಂದ ಕೆಡುವುದೂ ಹೆಚ್ಚು ಎಂಬ ಮಾತು ನಮ್ಮಲ್ಲಿ ಬಹಳ ಚಲಾವಣೆಯಲ್ಲಿದೆ. ಕಾಕಾ ಕೂಡ ಇದನ್ನೇ ಹೇಳಿದರು. ಈ ತರ್ಕ ಅರ್ಧ ಮಾತ್ರ ಸರಿ. ಒಂದು ಕೆಟ್ಟರೂ ಇಡೀ ಯಂತ್ರ ನಿಲ್ಲುವಂಥ ನೂರು ಭಾಗಗಳಿದ್ದು, ಒಂದೊಂದೂ ವರ್ಷವಿಡೀ ಸರಿಯಾಗಿರುವ ಸಾಧ್ಯತೆ ಸಾವಿರಕ್ಕೆ 999 ಎಂದಿಟ್ಟುಕೊಂಡರೆ, ಇಡೀ ಯಂತ್ರ ಸರಿಯಾಗಿರುವ ಸಾಧ್ಯತೆ ಸುಮಾರು ನೂರಕ್ಕೆ 90. ಈಗ ಭಾಗಗಳನ್ನು ಸಾವಿರಕ್ಕೆ ಏರಿಸಿ, ಒಂದೊಂದನ್ನೂ ಹತ್ತು ಸಾವಿರಕ್ಕೆ 9,999ರಷ್ಟು ಉತ್ತಮವಾಗಿಸಿದರೆ, ಫಲ ಮತ್ತೆ ಸುಮಾರು ನೂರಕ್ಕೆ 90. ಭಾಗಗಳ ಸಂಖ್ಯೆ ಹತ್ತು ಪಟ್ಟಾದರೂ ಪ್ರತಿಯೊಂದರ ಗುಣ ಹತ್ತು ಪಟ್ಟು ಸುಧಾರಿಸಿದರೆ ನಷ್ಟವಿಲ್ಲ. ಅದಕ್ಕಿಂತ ಹೆಚ್ಚು ಸುಧಾರಿಸಿದರೆ ಲಾಭ. ಕಳೆದ ಅರ್ಧ ಶತಮಾನದಲ್ಲಿ ಬೇರಿಂಗ್, ಸೀಲ್, ಎಣ್ಣೆ, ವೈರಿಂಗಿನ ಕನೆಕ್ಟರುಗಳಲ್ಲಿ ಆದ ಸುಧಾರಣೆ ಅಷ್ಟು ದೊಡ್ಡದೆಂಬುದನ್ನು ಕಾರ್ಖಾನೆಯ ಒಳಗಿನಿಂದ ಕಂಡವನಾಗಿ ಹೇಳಬಲ್ಲೆ.

ಆರೈಕೆಯ ಗಂಟೆಗಳನ್ನೂ ಬರೆದಿಟ್ಟೆವು. ಹದಿನೆಂಟು ತಿಂಗಳಲ್ಲಿ ಫಿಯಟ್‌ಗೆ ಕಾಕಾ, ಮಿಸ್ತ್ರಿ ಮತ್ತು ನಾನು ಕೂಡಿ ಎಪ್ಪತ್ತು ಗಂಟೆಗಳಷ್ಟು ಕೈಕೆಲಸ ಮಾಡಿದ್ದೆವು. ಹ್ಯಾಚ್‌ಬ್ಯಾಕ್ ಎರಡು ಸಲ ಸರ್ವಿಸ್‌ಗೆ ಹೋಗಿ ಬಂತು, ಅಷ್ಟೇ.

ಪೆಟ್ರೋಲಿನ ಬಗ್ಗೆ ಒಂದು ಮಾತು ಇಲ್ಲಿ ಸೇರಿಸಬೇಕು, ಏಕೆಂದರೆ ಪಂಪಿನ ಡಯಾಫ್ರಮ್ ಹರಿದದ್ದಕ್ಕೂ ಅದಕ್ಕೂ ಸಂಬಂಧವಿದೆಯೆಂದು ನನ್ನ ಅಭಿಪ್ರಾಯ. ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ನಂತರ ಅದು ಎಲ್ಲೆಡೆ ಹರಡಿತು. ಎಥೆನಾಲ್ ಹಳೆಯ ಬಗೆಯ ರಬ್ಬರನ್ನು ಊದಿಸಿ ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರಿಕೊಂಡು ತಗಡಿನ ಟ್ಯಾಂಕಿನ ಒಳಗೆ ತುಕ್ಕಿಗೆ ದಾರಿ ಮಾಡುತ್ತದೆ. ಕಾರ್ಬುರೇಟರಿಗೆ ಬಂದ ಕಸ ಆ ತುಕ್ಕಿನ ಪುಡಿಯೇ ಆಗಿತ್ತು. ಇದಲ್ಲದೆ ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕಾದರೆ, ಎಥೆನಾಲಿಗೆ 9 ಪಟ್ಟು ಸಾಕು. ಹೊಸ ಕಾರಿನ ಆಕ್ಸಿಜನ್ ಸೆನ್ಸರ್ ಈ ವ್ಯತ್ಯಾಸವನ್ನು ಹೊಗೆಯಲ್ಲಿ ಅರಿತು, ಕಂಪ್ಯೂಟರಿಗೆ ತಿಳಿಸಿ, ಕ್ಷಣಕ್ಷಣಕ್ಕೂ ಇಂಧನವನ್ನು ಹೊಂದಿಸುತ್ತದೆ. 1971ರ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ಟಿನ ತೂತು ಮಾತ್ರ ಕೊರೆದಷ್ಟೇ ಇರುತ್ತದೆ. ಹಾಗಾಗಿ ಎಂಜಿನ್ ಇಂಧನ ಕಡಿಮೆ, ಗಾಳಿ ಹೆಚ್ಚಾದ ಬಡಕಲು ಮಿಶ್ರಣದಲ್ಲಿ ಬಿಸಿಯಾಗಿ ಓಡುತ್ತದೆ. ಹಳೆಯ ಕಾರು ತನ್ನ ಕಾಲದಲ್ಲಿ ಎಷ್ಟು ನಂಬಿಗಸ್ತವಾಗಿತ್ತೋ ಈಗ ಅಷ್ಟಿಲ್ಲದಿರುವುದಕ್ಕೆ ಅದರ ವಯಸ್ಸೊಂದೇ ಕಾರಣವಲ್ಲ. ಅದರ ಸುತ್ತಲಿನ ಲೋಕವೂ ಬದಲಾಗಿದೆ.

ಇಲಿ

2024ರ ಜುಲೈ 25ರಂದು ಪುಣೆಯಲ್ಲಿ ಸುರಿದ ಮಳೆ ಇಲ್ಲಿನವರಿಗೆ ನೆನಪಿರುತ್ತದೆ. ಖಡಕ್ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟು ಸಿಂಹಗಡ ರಸ್ತೆಯ ಏಕತಾ ನಗರಿ ಮುಳುಗಿತು. ಸಹಕಾರ ನಗರದ ಪಕ್ಕದ ಆಂಬಿಲ್ ಓಢಾ ಎಂಬ ಹಳ್ಳ ಕೂಡ ತುಂಬಿ ಹರಿಯಿತು. ದಂಡೆಯ ಬಿಲಗಳಿಗೆ ನೀರು ನುಗ್ಗಿದಾಗ ಇಲಿ, ಹೆಗ್ಗಣಗಳು ಒಣ ಜಾಗ ಹುಡುಕಿಕೊಂಡು ಮನೆಗಳತ್ತ ಬರುತ್ತವೆ. ನಿಂತ ಕಾರಿನ ಬಾನೆಟ್ಟಿನ ಕೆಳಗಿನ ಬೆಚ್ಚಗಿನ ಜಾಗ ಅವಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಎರಡು ದಿನಗಳ ನಂತರ, ಶನಿವಾರ ಬೆಳಿಗ್ಗೆ, ಒಂದೇ ಶೆಡ್ಡಿನಲ್ಲಿ ನಿಂತಿದ್ದ ಎರಡೂ ಕಾರುಗಳ ವೈರುಗಳನ್ನು ಇಲಿ ಕಡಿದಿತ್ತು. ಒಂದೇ ಪೆಟ್ಟು ಒಂದೇ ದಿನ ಎರಡು ಕಾಲದ ಎರಡು ಯಂತ್ರಗಳಿಗೆ ಬಿದ್ದ ಇಂಥ ಸಂದರ್ಭವನ್ನು ಪ್ರಯೋಗಶಾಲೆಯಲ್ಲಿ ಏರ್ಪಡಿಸುವುದೂ ಕಷ್ಟ.

ಫಿಯಟ್‌ನ ಸೆಲ್ಫ್ ತಿರುಗುತ್ತಿತ್ತು, ಎಂಜಿನ್ ಹತ್ತಿಕೊಳ್ಳುತ್ತಿರಲಿಲ್ಲ. ಕಾಕಾ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ನಿರ್ದೇಶನ ಕೊಟ್ಟರು, ನಾನು ಟೆಸ್ಟ್ ಲ್ಯಾಂಪ್ ಹಿಡಿದೆ. ಸೆಲ್ಫ್ ತಿರುಗುವುದರಿಂದ ಬ್ಯಾಟರಿ ಸರಿ. ಇಗ್ನಿಷನ್ ಕಾಯಿಲ್‌ವರೆಗೆ ಕರೆಂಟು ಬರುತ್ತಿತ್ತು, ಲ್ಯಾಂಪ್ ಹತ್ತಿತು. ಕಾಯಿಲ್‌ನಿಂದ ಡೆಲ್ಕೊಗೆ ಹೋಗುವ ತೆಳು ವೈರಿನ ಕೊನೆಯಲ್ಲಿ ಹತ್ತಲಿಲ್ಲ. ಕೈಯಿಂದ ಸವರಿ ನೋಡಿದರೆ ವೈರು ನಡುವೆ ಎರಡು ತುಂಡಾಗಿತ್ತು. ಒಂದು ಗೇಣು ವೈರು, ಎರಡು ಲಗ್ಗು, ಹಾರ್ನಿನ ವೈರಿಗೆ ಒಂದು ಸುತ್ತು ಇನ್ಸುಲೇಷನ್ ಟೇಪು. ಮೂವತ್ತೈದು ನಿಮಿಷದಲ್ಲಿ ಎಂಜಿನ್ ಶುರುವಾಯಿತು.

ಹ್ಯಾಚ್‌ಬ್ಯಾಕ್ ಶುರುವಾಯಿತು, ಆದರೆ ನಡುಗುತ್ತ. ಎಂಜಿನ್ ಲೈಟ್ ಹತ್ತಿತು, ಆಕ್ಸಿಲರೇಟರ್ ಒತ್ತಿದರೆ ವೇಗ ಬರಲಿಲ್ಲ. ಫ್ಲ್ಯಾಟ್‌ಬೆಡ್ ತರಿಸಿ ಸರ್ವಿಸ್ ಕೇಂದ್ರಕ್ಕೆ ಕಳಿಸಿದರು. ಸ್ಕ್ಯಾನರ್ ಹಚ್ಚಿ ನೋಡಿದಾಗ ಎರಡು ಇಂಜೆಕ್ಟರುಗಳ ಮತ್ತು ಆಕ್ಸಿಜನ್ ಸೆನ್ಸರಿನ ವೈರುಗಳು ಹೋಗಿರುವುದು ಗೊತ್ತಾಯಿತು. ಕಡಿದದ್ದು ನಾಲ್ಕೈದು ವೈರುಗಳಾದರೂ ಎಂಜಿನ್ನಿನ ಇಡೀ ವೈರಿಂಗ್ ಕಟ್ಟನ್ನೇ ಬದಲಿಸಬೇಕೆಂದು ಅಲ್ಲಿ ಹೇಳಿದರು. ಆ ಕಟ್ಟು ಪುಣೆಯಲ್ಲಿ ದಾಸ್ತಾನಿರಲಿಲ್ಲ. ಕಾರು ಮನೆಗೆ ಮರಳಿದ್ದು ಹದಿನಾರು ದಿನಗಳ ನಂತರ.

ನನಗೂ ಮೊದಲು ಸಿಟ್ಟು ಬಂತೆಂದು ಒಪ್ಪಿಕೊಳ್ಳಬೇಕು. ನಾಲ್ಕು ವೈರು ಬೆಸೆಯುವ ಬದಲು ಇಡೀ ಕಟ್ಟು ಬದಲಿಸುವುದು ಗಿರಾಕಿಯ ಜೇಬಿಗೆ ಕೈ ಹಾಕಿದಂತೆಯೇ ತೋರುತ್ತದೆ. ಆದರೆ ಕುಳಿತು ಯೋಚಿಸಿದಾಗ ಅವರ ನಿಲುವಿಗೂ ಕಾರಣವಿದೆಯೆಂದು ಒಪ್ಪಬೇಕಾಯಿತು. ಫಿಯಟ್‌ನ ಆ ವೈರಿನಲ್ಲಿ ಹರಿಯುವುದು 12 ವೋಲ್ಟ್. ಜೋಡಣೆಯಲ್ಲಿ ಅಷ್ಟಿಷ್ಟು ಸೋರಿದರೂ ಕಿಡಿ ಹಾರುತ್ತದೆ. ಆಕ್ಸಿಜನ್ ಸೆನ್ಸರಿನ ಸಂಕೇತ ಏರಿಳಿಯುವುದೇ ಸುಮಾರು 0.1ರಿಂದ 0.9 ವೋಲ್ಟ್‌ನೊಳಗೆ. ಅಲ್ಲಿ ಒಂದು ಕೆಟ್ಟ ಬೆಸುಗೆ, ಮುಂದಿನ ಮಳೆಗಾಲದಲ್ಲಿ ಅದರೊಳಗೆ ಇಳಿಯುವ ಒಂದು ಹನಿ ತೇವ, ಕಂಪ್ಯೂಟರಿಗೆ ಸುಳ್ಳು ಮಾಹಿತಿ ಕೊಡಲು ಸಾಕು. ಅಂಥ ದೋಷ ಬಂದು ಹೋಗಿ ಮಾಡುತ್ತದೆ, ಹುಡುಕುವುದು ಇನ್ನೂ ಕಷ್ಟ. ಹೊಸ ಯಂತ್ರದ ನಿಖರತೆಯೇ ಅದರ ದುರಸ್ತಿಯನ್ನು ದುಬಾರಿಯಾಗಿಸಿದೆ.

ಸ್ವಲ್ಪ ಕಾಲ ಕಾಕಾನ ಮುಖದಲ್ಲಿ ಗೆಲುವಿತ್ತು. ಆದರೆ ಇಲಿ ಪರೀಕ್ಷಿಸಿದ್ದು ಯಾವ ಕಾರು ಕೆಡುವುದಿಲ್ಲ ಎಂಬುದನ್ನಲ್ಲ, ಎರಡೂ ಕೆಟ್ಟವು. ಕೆಟ್ಟದ್ದನ್ನು ಯಾರು, ಎಲ್ಲಿ, ಎಷ್ಟು ಬೇಗ ಸರಿಪಡಿಸಬಲ್ಲರು ಎಂಬುದನ್ನು ಅದು ಪರೀಕ್ಷಿಸಿತು. ಕೆಡದೆ ಇರುವ ಗುಣ ಒಂದು, ಕೆಟ್ಟಾಗ ದುರಸ್ತಿಗೆ ಸುಲಭವಾಗಿ ಒಗ್ಗುವ ಗುಣ ಇನ್ನೊಂದು. ನಮ್ಮ ಆಡುಮಾತಿನಲ್ಲಿ ಎರಡಕ್ಕೂ "ಗಟ್ಟಿ ಗಾಡಿ" ಎಂಬ ಒಂದೇ ಮಾತಿರುವುದರಿಂದ, ಎರಡನೆಯ ಗುಣಕ್ಕೆ ಸಲ್ಲಬೇಕಾದ ಮೆಚ್ಚುಗೆ ಮೊದಲನೆಯದಕ್ಕೆ ಹೋಗುತ್ತದೆ. ಹಳೆಯ ಕಾರನ್ನು ಹೊಗಳುವ ಬಹುತೇಕ ಮಾತುಗಳಲ್ಲಿ ಈ ಗೊಂದಲವಿದೆ.

ಕಾತ್ರಜ್ ಘಾಟ್

ಈ ಪ್ರಕರಣದಲ್ಲಿ ನನ್ನ ಮನಸ್ಸನ್ನು ಕಲಕಿದ ಘಟನೆ ನಡೆದದ್ದು 2024ರ ಡಿಸೆಂಬರ್‌ನಲ್ಲಿ. ಖೇಡ್ ಶಿವಾಪುರದಿಂದ ಸಂಜೆ ಫಿಯಟ್‌ನಲ್ಲಿ ಮರಳುತ್ತಿದ್ದೆವು. ಕಾಕಾ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿದ್ದೆ. ಹಳೆಯ ಕಾತ್ರಜ್ ಸುರಂಗ ದಾಟಿ ಪುಣೆಯ ಕಡೆಗೆ ಇಳಿಯುವಾಗ ಮೂರನೆಯ ತಿರುವಿನ ಮುಂಚೆ ಬ್ರೇಕ್ ಪೆಡಲ್ ನೆಲದವರೆಗೆ ಹೋಯಿತು. ಎರಡನೆಯ ಸಲ ಒತ್ತಿದಾಗಲೂ ಹಾಗೆಯೇ. ಕಾಕಾ ಒಂದು ಮಾತನ್ನೂ ಆಡದೆ ಸ್ಟೀರಿಂಗ್ ಪಕ್ಕದ ಗೇರ್ ಕಡ್ಡಿಯನ್ನು ಎರಡನೆಯ ಗೇರಿಗೆ ತಂದು, ಹ್ಯಾಂಡ್‌ಬ್ರೇಕ್ ಸ್ವಲ್ಪಸ್ವಲ್ಪವೇ ಎಳೆಯುತ್ತ, ಕಾರನ್ನು ಗುಡ್ಡದ ಬದಿಯ ಮಣ್ಣಿಗೆ ತಗುಲಿಸಿ ನಿಲ್ಲಿಸಿದರು. ಹಿಂದೆ ಒಂದು ಟ್ರಕ್ ಬರುತ್ತಿತ್ತು. ಅದು ನಮ್ಮನ್ನು ದಾಟಿ ಹೋಯಿತು. ಕಾರು ನಿಂತ ಮೇಲೂ ಕಾಕಾನ ಕೈ ಹ್ಯಾಂಡ್‌ಬ್ರೇಕಿನಿಂದ ಬಹಳ ಹೊತ್ತು ಬಿಡಲಿಲ್ಲ.

ಹಿಂದಿನ ಎಡ ಚಕ್ರದ ಬ್ರೇಕ್ ಸಿಲಿಂಡರಿನ ರಬ್ಬರ್ ಸೋರಿ, ಆಯಿಲ್ ಎಲ್ಲ ಹರಿದುಹೋಗಿತ್ತು. ಈ ಕಾರಿನಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಇರುವುದು ಆಯಿಲ್ ಹರಿಯುವ ಒಂದೇ ಸರ್ಕ್ಯೂಟ್. ಎಲ್ಲಿ ಸೋರಿದರೂ ನಾಲ್ಕೂ ಹೋಗುತ್ತವೆ. ಹ್ಯಾಚ್‌ಬ್ಯಾಕ್‌ನಲ್ಲಿ ಎರಡು ಸರ್ಕ್ಯೂಟುಗಳಿವೆ. ಒಂದು ಸೋರಿದರೆ ಇನ್ನೊಂದು ಓರೆಯಾಗಿ ಮುಂದಿನ ಒಂದು, ಹಿಂದಿನ ಒಂದು ಚಕ್ರವನ್ನು ಹಿಡಿಯುತ್ತದೆ, ಆಯಿಲ್ ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತುತ್ತದೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಬಿಗಿದು ಜಾರದಂತೆ ತಡೆಯುವ ಎಬಿಎಸ್ ಕೂಡ ಕಡ್ಡಾಯವಾಗಿದೆ. ಹಳೆಯ ಗಾಡಿ ಕೆಡುವ ಮೊದಲು ಸದ್ದು ಮಾಡಿ, ವಾಸನೆ ಬಿಟ್ಟು, ಜಗ್ಗಾಡಿ ಎಚ್ಚರಿಸುತ್ತದೆ ಎಂಬ ಮಾತನ್ನು ನಾನೂ ನಂಬಿದ್ದೆ. ಎಂಜಿನ್ನಿನ ಮಟ್ಟಿಗೆ ಅದು ಸರಿ. ಬ್ರೇಕಿನ ವಿಷಯದಲ್ಲಿ ಅದು ಸರಿಯಲ್ಲ ಎಂಬುದನ್ನು ಆ ತಿರುವಿನಲ್ಲಿ ಕಂಡೆ.

ಎಚ್ಚರಿಕೆ ಇರಲೇ ಇಲ್ಲವೇ ಎಂದು ಕೇಳಿಕೊಂಡು ಮತ್ತೆ ನೋಟುಬುಕ್ಕು ತೆರೆದೆ. ಎಚ್ಚರಿಕೆ ಇತ್ತು, ಆದರೆ ಅದು ಬಾನೆಟ್ಟಿನ ಕೆಳಗಿನ ಪುಟ್ಟ ಡಬ್ಬಿಯಲ್ಲಿ, ಇಳಿಯುತ್ತಿದ್ದ ಆಯಿಲಿನ ಮಟ್ಟದಲ್ಲಿತ್ತು. "ಬ್ರೇಕ್ ಆಯಿಲ್ ನೋಡಿದೆ" ಎಂಬ ಭಾನುವಾರದ ಸಾಲು 2019ರವರೆಗೆ ಒಂದು ವಾರವೂ ತಪ್ಪಿರಲಿಲ್ಲ. ಆ ವರ್ಷ ಕಾಕಾನ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಅಲ್ಲಿಂದ ಆ ಸಾಲು ತಿಂಗಳಿಗೊಮ್ಮೆಯಾಗಿ, ಕೊನೆಯ ಎಂಟು ತಿಂಗಳಲ್ಲಿ ಎರಡೇ ಸಲ ಬಂದಿತ್ತು. ನನ್ನ ಸ್ವಂತ ಲೆಕ್ಕದ ಪುಸ್ತಕದಲ್ಲಿಯೂ ಆಯಿಲ್ ನೋಡುವ ಕಲಮು ಇರಲಿಲ್ಲ. ಅದು ಎಂದಿನಂತೆ ಆಗುತ್ತಿದೆಯೆಂದು ನಾನು ಎಣಿಸಿದ್ದೆ. ಆ ತಪ್ಪು ನನ್ನದು. ಇನ್ನು ಆ ರಬ್ಬರ್, ಎಂಟು ತಿಂಗಳ ಹಿಂದೆಯಷ್ಟೇ ಹಾಕಿದ್ದು. ಮೊದಲು ಸಿಗುತ್ತಿದ್ದ ಅಸಲಿ ಕಿಟ್ ಸಿಗದೆ, ಅಳತೆಗೆ ಹತ್ತಿರದ್ದೆಂದು ಯಾವುದೋ ಹೆಸರಿಲ್ಲದ ಪೊಟ್ಟಣದಿಂದ ಹಾಕಿದ್ದರು.

ಕಾರಿನ ಐವತ್ತು ವರ್ಷಗಳ ನಂಬಿಕೆ ಒಬ್ಬ ಮನುಷ್ಯನ ಮಂಡಿ, ಕಣ್ಣು, ಭಾನುವಾರಗಳ ಮೇಲೂ, ಒಬ್ಬ ಮಿಸ್ತ್ರಿಯ ಕೈ ಮತ್ತು ಒಂದು ಪೇಟೆಯ ದಾಸ್ತಾನಿನ ಮೇಲೂ ನಿಂತಿತ್ತು. ಅವು ಒಂದೊಂದಾಗಿ ಸವೆದವು. ಮೀಟರ್ ಅದನ್ನು ತೋರಿಸಲಿಲ್ಲ.

ತೀರ್ಮಾನ ಮತ್ತು ಈಗಿನ ಸ್ಥಿತಿ

ಫೆಬ್ರವರಿಯಲ್ಲಿ ಎಲ್ಲರೂ ಕುಳಿತು ಮಾತಾಡಿದೆವು. ಮಾರುವ ಮಾತನ್ನು ಯಾರೂ ಎತ್ತಲಿಲ್ಲ. ಕಾಕಾ ತಾವೇ ಹೇಳಿದರು: "ಘಾಟಿಗೆ ಇನ್ನ ಇದನ್ನ ಒಯ್ಯೂದು ಬ್ಯಾಡ. ನನ್ನ ಜೋಡಿ ಮಂದಿ ಕೂತಿರ್ತಾರ." ಅದರ ಮೇಲೆ ನನ್ನ ಲೆಕ್ಕದ ಅಗತ್ಯವೇ ಉಳಿಯಲಿಲ್ಲ.

ಧಾರವಾಡದ ಪ್ರಯಾಣ ಹ್ಯಾಚ್‌ಬ್ಯಾಕ್‌ನಲ್ಲಿಯೇ ಎಂದು ನಿಶ್ಚಯವಾಯಿತು. ಫಿಯಟ್ ಐವತ್ತು ವರ್ಷ ದಾಟಿರುವುದರಿಂದ, 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ವಿಂಟೇಜ್ ವರ್ಗದಲ್ಲಿ ಅದನ್ನು ನೋಂದಾಯಿಸುವ ಯೋಚನೆ ನಡೆದಿದೆ. ಶುಲ್ಕ 20,000 ರೂಪಾಯಿ, ಹತ್ತು ವರ್ಷಗಳ ಮಾನ್ಯತೆ, ನಂಬರಿನಲ್ಲಿ ವಿಎ ಎಂಬ ಗುರುತು. ಹಾಗೆ ನೋಂದಾಯಿಸಿದ ವಾಹನವನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ತುಂಬಿಸುವುದು, ದುರಸ್ತಿ ಇಂಥವಕ್ಕಷ್ಟೇ ರಸ್ತೆಗೆ ತರಬಹುದು. ಕಾಕಾ ಇನ್ನೂ ಸಹಿ ಮಾಡಿಲ್ಲ. ಭಾನುವಾರ ಬೆಳಿಗ್ಗೆ ಹತ್ತಿರದ ಪರ್ವತಿ ಗುಡ್ಡದವರೆಗೆ ಹೋಗಿ ಬರುವುದೂ ನಿಯಮಕ್ಕೆ ಸಲ್ಲದೆ ಹೋದರೆ ಕಾರು ಇದ್ದು ಏನು ಪ್ರಯೋಜನ ಎಂಬುದು ಅವರ ಅಳುಕು, ಮತ್ತು ಅದು ನ್ಯಾಯವಾದ ಅಳುಕೆಂದು ನನಗೂ ಅನಿಸುತ್ತದೆ.

ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಭಾಗದ್ದೊಂದನ್ನು ಮಿಸ್ತ್ರಿ ಹುಡುಕಿದ್ದಾರೆ. ಮುಂದಿನ ಮತ್ತು ಹಿಂದಿನ ಬ್ರೇಕುಗಳನ್ನು ಬೇರ್ಪಡಿಸಿ ಎರಡು ಸರ್ಕ್ಯೂಟ್ ಮಾಡುವುದು ಅವರ ಎಣಿಕೆ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದೆಂದು ವಿಂಟೇಜ್ ನಿಯಮ ಹೇಳುತ್ತದೆ. ಬ್ರೇಕಿನ ಈ ಬದಲಾವಣೆ ಅದಕ್ಕೆ ಅಡ್ಡಿಯಾಗಲಾರದೆಂದು ನಾವು ಭಾವಿಸಿದ್ದೇವೆ, ಆದರೂ ಕೆಲಸಕ್ಕೆ ಕೈ ಹಾಕುವ ಮುನ್ನ ಆರ್‌ಟಿಒದಲ್ಲಿ ಕೇಳಬೇಕಾಗಿದೆ. ಪೆಟ್ರೋಲ್ ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವ ರಬ್ಬರಿನವಕ್ಕೆ ಬದಲಿಸಿದ್ದಾಗಿದೆ. ಪಂಪಿನ ಡಯಾಫ್ರಮ್‌ಗೆ ಅಂಥ ರಬ್ಬರ್ ಇನ್ನೂ ಸಿಕ್ಕಿಲ್ಲ. ಹಳೆಯ ಸಾಮಾನಿನ ಸಂತೆಯಾದ ಬುಧವಾರದ ಜೂನಾ ಬಾಜಾರಿನಲ್ಲಿ ಮಿಸ್ತ್ರಿ ಹುಡುಕುತ್ತಲೇ ಇದ್ದಾರೆ. ಎರಡೂ ಕಾರುಗಳ ತಳಕ್ಕೆ ತಂತಿ ಜಾಳಿಗೆ ಕಟ್ಟಿ, ಮೂಲೆಯಲ್ಲಿ ತಂಬಾಕಿನ ಎಲೆ ಇಟ್ಟಿದ್ದೇವೆ. ಜಾಳಿಗೆಯ ಮೇಲೆ ನನಗೆ ಭರವಸೆ, ತಂಬಾಕಿನ ಮೇಲೆ ಕಾಕಾನಿಗೆ.

ನೋಟುಬುಕ್ಕು ಈಗ ಮಗನ ಕೈಯಲ್ಲಿದೆ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಫಿಯಟ್, ಬಲಕ್ಕೆ ಹ್ಯಾಚ್‌ಬ್ಯಾಕ್ ಎಂದು ಬರೆದುಕೊಂಡಿದ್ದಾನೆ. ಬಲಬದಿ ಬಹುಪಾಲು ಖಾಲಿಯಿದೆ. ಎಡಬದಿಯಲ್ಲಿ ಪ್ರತಿ ಭಾನುವಾರ ಬ್ರೇಕ್ ಆಯಿಲಿನ ಸಾಲನ್ನು ಅವನು ಬರೆಯುತ್ತಾನೆ, ಕಾಕಾ ಸ್ಟೂಲಿನ ಮೇಲೆ ಕುಳಿತು ಬ್ಯಾಟರಿ ಬೆಳಕು ಹಿಡಿದು ಮಟ್ಟ ಎಲ್ಲಿದೆಯೆಂದು ತಾವೂ ಒಮ್ಮೆ ಬಗ್ಗಿ ನೋಡುತ್ತಾರೆ.